ವಿಮೆಯ ಕಾಗದದಲ್ಲಿರುವ ಅಪರಿಚಿತನ ಹಕ್ಕು

ವಾಹನದ ವಿಮೆಯನ್ನು ನಾವು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ ನೆನೆಯುತ್ತೇವೆ. ಒಂದು, ಪೊಲೀಸರು ಕೈ ಅಡ್ಡ ಹಿಡಿದು ದಾಖಲೆ ಕೇಳಿದಾಗ. ಇನ್ನೊಂದು, ಅಪಘಾತ ಸಂಭವಿಸಿದಾಗ. ಮೊದಲನೆಯದರಲ್ಲಿ ಅದು ದಂಡದಿಂದ ಪಾರಾಗುವ ಕಾಗದ. ಎರಡನೆಯದರಲ್ಲಿ ಅದು ಒಂದು ಮನೆಯ ಅನ್ನ. ಈ ಎರಡರ ನಡುವಿನ ಅಂತರವನ್ನು ನಾವು ಅರಿತಿದ್ದೇವೆಯೇ?

ಚಿತ್ರದುರ್ಗ ಜಿಲ್ಲೆಯವರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಹೋಗುತ್ತದೆ. ಶಿವಮೊಗ್ಗದ ರಸ್ತೆ ಹೊಳಲ್ಕೆರೆಯನ್ನು ದಾಟುತ್ತದೆ. ಹೊಸದುರ್ಗದ ತೆಂಗು, ಹಿರಿಯೂರಿನ ದಾಳಿಂಬೆ, ಭೀಮಸಮುದ್ರದ ಅಡಿಕೆ, ಗಣಿಗಳ ಅದಿರು, ಎಲ್ಲವೂ ರಸ್ತೆಗಿಳಿಯಲೇಬೇಕು. 2020ರ ಆಗಸ್ಟ್ 12ರ ನಸುಕಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಹಿರಿಯೂರಿನ ಬಳಿ ಹೊತ್ತಿ ಉರಿದು, ಮಕ್ಕಳೂ ಸೇರಿದಂತೆ ಐವರು ಅಸುನೀಗಿದ್ದನ್ನು ನಾವು ಮರೆತಿಲ್ಲ. ಇಂತಹ ದುರಂತಗಳ ಬಳಿಕ ನಾವು ಮರುಗುತ್ತೇವೆ, ದುಆ ಮಾಡುತ್ತೇವೆ, ಎಲ್ಲವೂ ಅಲ್ಲಾಹನ ವಿಧಿ ಎಂದು ಸಮಾಧಾನ ಹೇಳುತ್ತೇವೆ. ಮರಣ ವಿಧಿಯೇ ಹೌದು. ಆದರೆ ಮೃತನ ಮಕ್ಕಳಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದು ವಿಧಿಯಲ್ಲ, ನಮ್ಮ ಉದಾಸೀನತೆ.

1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮು ಮೂರನೇ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿದೆ. ಮೊದಲ ವ್ಯಕ್ತಿ ವಾಹನದ ಮಾಲೀಕ, ಎರಡನೆಯವನು ವಿಮಾ ಕಂಪೆನಿ. ಮೂರನೆಯವನು ಯಾರು? ರಸ್ತೆಯಂಚಿನಲ್ಲಿ ನಡೆಯುವ ಕೂಲಿಯಾಳು, ಸೈಕಲ್ ತುಳಿಯುವ ಬಾಲಕ, ಎದುರಿನಿಂದ ಬರುವ ಬೈಕ್ ಸವಾರ. ನಮ್ಮ ಹಣದಿಂದ ಕೊಂಡರೂ ಈ ವಿಮೆ ನಮ್ಮದಲ್ಲ. ಅದು ನಮಗೆ ಹೆಸರೂ ಗೊತ್ತಿಲ್ಲದವನ ಹಕ್ಕು. ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಬಾರಿಗೆ 2,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಇವೆ. ದಂಡ ಕಟ್ಟಿದರೆ ಸರಕಾರದ ಲೆಕ್ಕ ಮುಗಿಯಬಹುದು. ಆ ಅಪರಿಚಿತನ ಲೆಕ್ಕ ಮುಗಿಯುವುದಿಲ್ಲ.

ವಿಮೆಯಲ್ಲಿ ಬಡ್ಡಿ ಮತ್ತು ಅನಿಶ್ಚಿತತೆಯ ಅಂಶಗಳಿವೆಯೆಂಬ ಚರ್ಚೆ ವಿದ್ವಾಂಸರಲ್ಲಿ ಇದೆ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಕಾನೂನು ಕಡ್ಡಾಯಗೊಳಿಸಿದ ಈ ವಿಮೆಯನ್ನು ಅನೇಕ ವಿದ್ವಾಂಸರು ಅನಿವಾರ್ಯತೆಯ ನೆಲೆಯಲ್ಲಿ ಅನುಮತಿಸಿದ್ದಾರೆ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಕಾರು ಕೊಳ್ಳುವಾಗ ಏಳದ ಸಂಶಯ, ವಿಮೆ ನವೀಕರಿಸುವ ದಿನ ಮಾತ್ರ ಏಳುವುದಾದರೆ ಅದು ಧರ್ಮನಿಷ್ಠೆಯೋ ಜಿಪುಣತನವೋ ಎಂದು ನಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು.

ವಿಮೆ ಇದೆ ಎಂದಾಕ್ಷಣ ಎಲ್ಲವೂ ಇದೆ ಎಂದರ್ಥವಲ್ಲ. ಕೇವಲ ಮೂರನೇ ವ್ಯಕ್ತಿಯ ವಿಮೆ ಮಾಡಿಸಿದ ಖಾಸಗಿ ಕಾರು ನಜ್ಜುಗುಜ್ಜಾದರೆ ದುರಸ್ತಿಗೆ ಬಿಡಿಗಾಸೂ ದೊರೆಯದು. ಅಷ್ಟೇ ಅಲ್ಲ, ಆ ಕಾರಿನೊಳಗೆ ಕುಳಿತವರಿಗೂ ಆ ವಿಮೆಯಲ್ಲಿ ರಕ್ಷಣೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಗೆಂದು ನಾವು ಪ್ರೀತಿಯಿಂದ ಕೂರಿಸಿಕೊಂಡು ಹೊರಟ ಅತಿಥಿಗೆ ಸಮಗ್ರ ವಿಮೆಯಿದ್ದರೆ ಮಾತ್ರ ರಕ್ಷಣೆ. ವಾಹನ ಚಲಾಯಿಸುವ ಮಾಲೀಕನಿಗಾಗಿ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಇದೆ. ಹಳೆಯ ಕಾರು ಕೊಂಡವರು 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದರೆ ದುರಸ್ತಿಯ ಹಣ ನಿರಾಕರಿಸಲ್ಪಡಬಹುದು.

ನಮ್ಮ ಸೀಮೆಯ ಇನ್ನೊಂದು ನೋವಿನ ಸಂಗತಿಯಿದೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಸರಕು ಸಾಗಿಸುವ ಆಟೋ ಮತ್ತು ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ತುಂಬಿ ಕರೆದೊಯ್ಯಲಾಗುತ್ತದೆ. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸುವವರಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂದು 2003ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಆ ವಾಹನ ಮಗುಚಿದರೆ ಪರಿಹಾರದ ಹೊರೆ ಮಾಲೀಕನ ತಲೆಯ ಮೇಲೆಯೇ ಬೀಳುತ್ತದೆ. ಮಾಲೀಕನಿಗೆ ಆಸ್ತಿಯಿಲ್ಲದಿದ್ದರೆ ತೀರ್ಪು ಕಾಗದದಲ್ಲೇ ಉಳಿಯುತ್ತದೆ. ವಾಹನವುಳ್ಳ ನಮ್ಮ ಸಹೋದರರು ಇದನ್ನು ಉಳಿತಾಯವೆಂದು ಭಾವಿಸಬಾರದು. ಇದು ಬಡವರ ಜೀವವನ್ನು ಪಣಕ್ಕಿಡುವುದು.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ಮಾತು. ಅಪಘಾತದಲ್ಲಿ ಒಬ್ಬ ಯುವಕ ತೀರಿಕೊಂಡಾಗ ದಫನ ಮುಗಿಯುವ ಮೊದಲೇ ನಾಲ್ಕು ಹಿರಿಯರು ಕೂಡುತ್ತಾರೆ. “ಹೋದವನು ಹೋದ, ಕೋರ್ಟು ಕಚೇರಿ ಯಾಕೆ, ಎರಡು ಮೂರು ಲಕ್ಷ ಕೊಡಿಸಿ ಮುಗಿಸೋಣ” ಎನ್ನುತ್ತಾರೆ. ಅವರ ಉದ್ದೇಶ ಕೆಟ್ಟದ್ದಿರಲಿಕ್ಕಿಲ್ಲ. ಆದರೆ ಲೆಕ್ಕವನ್ನೊಮ್ಮೆ ನೋಡಿ.

ಮೃತನಿಗೆ 32 ವರ್ಷ, ಬಡಗಿ ಕೆಲಸ, ತಿಂಗಳಿಗೆ 15,000 ರೂಪಾಯಿ ಸಂಪಾದನೆ, ಮನೆಯಲ್ಲಿ ಪತ್ನಿ, ಇಬ್ಬರು ಮಕ್ಕಳು, ವೃದ್ಧ ತಾಯಿ ಎಂದಿಟ್ಟುಕೊಳ್ಳೋಣ. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ನಿಗದಿಪಡಿಸಿದ ಕ್ರಮದಂತೆ, ಮುಂದೆ ಹೆಚ್ಚಬಹುದಾಗಿದ್ದ ಸಂಪಾದನೆಗಾಗಿ ಶೇ. 40 ಸೇರಿಸಬೇಕು, ತಿಂಗಳಿಗೆ 21,000 ಆಯಿತು. ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಅವನ ವಯಸ್ಸಿಗೆ ನಿಗದಿಯಾದ ಗುಣಕ 16. ಒಟ್ಟು 30,24,000 ರೂಪಾಯಿ. ಎದುರು ವಾಹನದ ಚಾಲಕನ ತಪ್ಪು ಸಾಬೀತಾದರೆ ಆ ಕುಟುಂಬ ನ್ಯಾಯವಾಗಿ ಕೇಳಬಹುದಾದ ಮೊತ್ತ ಇದು. ಮೂರು ಲಕ್ಷದ ರಾಜಿಯಲ್ಲಿ ಕಳೆದುಹೋದದ್ದು ಯಾರ ಪಾಲು?

ಅರಿವಿಲ್ಲದೆ ಒಬ್ಬನ ಜೀವ ಹೋದರೂ ಅವನ ವಾರಸುದಾರರಿಗೆ ದಿಯತ್ ಸಲ್ಲಬೇಕು, ಅವರು ತಾವಾಗಿಯೇ ಬಿಟ್ಟುಕೊಟ್ಟರೆ ಮಾತ್ರ ವಿನಾಯಿತಿ ಎಂಬುದು ಕುರ್‌ಆನ್‌ನ ನಿಸಾ ಅಧ್ಯಾಯದ ಬೋಧನೆ. ಅಂದರೆ ಕ್ಷಮೆಯ ಅಧಿಕಾರ ವಾರಸುದಾರರದು. ಐದು ವರ್ಷದ ಅನಾಥ ಮಗುವಿನ ಪಾಲನ್ನು ಬಿಟ್ಟುಕೊಡುವ ಅಧಿಕಾರ ದೊಡ್ಡಪ್ಪನಿಗೋ ಮುಖಂಡರಿಗೋ ಎಲ್ಲಿಂದ ಬಂತು? ಇದ್ದತ್‌ನಲ್ಲಿರುವ ವಿಧವೆಯಿಂದ ಅರಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು ಯಾವ ಸಂಧಾನ? ರಾಜಿಯೇ ಬೇಕೆಂದಾದರೆ ಲೋಕ ಅದಾಲತ್ ಇದೆ. ಅಲ್ಲಿ ನ್ಯಾಯಾಧೀಶರ ಮುಂದೆ, ಲೆಕ್ಕ ತಿಳಿದು, ರಾಜಿಯಾಗಬಹುದು.

ದಾರಿ ಕಠಿಣವೂ ಅಲ್ಲ. ಠಾಣೆಯಲ್ಲಿ ತಡಮಾಡದೆ ದೂರು ದಾಖಲಿಸಬೇಕು. ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿಗಳನ್ನು ಪಡೆದಿಡಬೇಕು. ತಿದ್ದುಪಡಿಯಾದ ಕಾಯಿದೆ ಪರಿಹಾರದ ಅರ್ಜಿಗೆ ಅಪಘಾತದಿಂದ ಆರು ತಿಂಗಳ ಗಡುವು ಹೇಳಿದೆ. ಆದುದರಿಂದ ಕಾಯುವುದು ತರವಲ್ಲ. ಅಪಘಾತ ಪುಣೆಯಲ್ಲಾದರೂ ಹೊಸದುರ್ಗದ ಕುಟುಂಬ ತಾನು ನೆಲೆಸಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದು. ಯಾರ ತಪ್ಪೆಂದು ಸಾಬೀತುಪಡಿಸದೆಯೂ 164ನೇ ಕಲಮಿನಡಿ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಯ ಸರಕಾರಿ ಯೋಜನೆಯಿದೆ. ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು. 2025ರ ಮೇ ತಿಂಗಳಿನಿಂದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ. ವಕೀಲರ ಶುಲ್ಕಕ್ಕೆ ಹೆದರುವ ವಿಧವೆಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಲಭ್ಯ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲ.

ಹಕ್ಕಿನ ಮಾತನಾಡುವಾಗ ಪ್ರಾಮಾಣಿಕತೆಯ ಮಾತನ್ನೂ ಆಡಬೇಕು. ತಾನಾಗಿ ಬಿದ್ದವನ ಪ್ರಕರಣಕ್ಕೆ ಪರಿಚಿತರ ವಾಹನದ ಸಂಖ್ಯೆ ಬರೆಸುವುದು, ಪರವಾನಗಿಯಿಲ್ಲದೆ ಓಡಿಸಿದ ಮಗನ ಬದಲು ಚಾಲಕನೆಂದು ಬೇರೊಬ್ಬನನ್ನು ನಿಲ್ಲಿಸುವುದು, ಇಲ್ಲದ ಅಂಗವೈಕಲ್ಯಕ್ಕೆ ಪ್ರಮಾಣಪತ್ರ ಕೊಳ್ಳುವುದು, ಇವೆಲ್ಲ ಸುಳ್ಳು ಸಾಕ್ಷ್ಯ. ಕಂಪೆನಿ ದೊಡ್ಡದೆಂಬ ಕಾರಣಕ್ಕೆ ಅದರ ಹಣ ಹಲಾಲ್ ಆಗುವುದಿಲ್ಲ. ಒಂದು ಸುಳ್ಳು ಅರ್ಜಿ ನಾಳೆ ಬರುವ ಹತ್ತು ನಿಜವಾದ ಅರ್ಜಿಗಳ ಮೇಲೆ ಸಂಶಯದ ನೆರಳು ಬೀರುತ್ತದೆ. ಆ ಹತ್ತರಲ್ಲಿ ನಮ್ಮದೇ ನೆರೆಮನೆಯ ಅನಾಥರ ಅರ್ಜಿಯೂ ಇರಬಹುದು.

ನಮ್ಮ ಜಮಾಅತ್‌ಗಳು ದಫನಕ್ಕೆ ಬೇಕಾದುದನ್ನೆಲ್ಲ ಅಚ್ಚುಕಟ್ಟಾಗಿ ನೆರವೇರಿಸುತ್ತವೆ. ಅದು ಶ್ಲಾಘನೀಯ. ಅದರ ಜೊತೆಗೆ ಇನ್ನೊಂದು ಹೊಣೆಯನ್ನೂ ಅವು ಹೊರಲಿ: ಅಪಘಾತ ನಡೆದ ಮನೆಗೆ ಒಬ್ಬ ತಿಳಿದವರು ಹೋಗಿ ದಾಖಲೆಗಳನ್ನು ಕೂಡಿಸಿಕೊಡಲಿ, ಬಂದ ಪರಿಹಾರ ಮಕ್ಕಳ ಹೆಸರಿನಲ್ಲೇ ಉಳಿಯುವಂತೆ ನೋಡಿಕೊಳ್ಳಲಿ. ಮತ್ತು ವಾಹನವಿರುವ ನಾವು ಪ್ರತಿಯೊಬ್ಬರೂ ಇಂದೇ ಒಮ್ಮೆ ವಿಮೆಯ ಕಾಗದ ತೆಗೆದು ಅದು ಯಾವ ದಿನಾಂಕದವರೆಗಿದೆ, ಯಾರು ಯಾರನ್ನು ಒಳಗೊಂಡಿದೆ ಎಂದು ಓದಿಕೊಳ್ಳೋಣ. ಅದು ನಮ್ಮ ಕೈಯಲ್ಲಿರುವ ಅಮಾನತ್. ಅದರ ಒಡೆಯ ಯಾವ ತಿರುವಿನಲ್ಲಿ ಎದುರಾಗುತ್ತಾನೆಂದು ನಮಗೆ ತಿಳಿಯದು.