ಹಾಲು ಬತ್ತಿತು ಅನ್ನುವ ಮೊದಲು ನಾಲಿಗೆ ಎತ್ತಿ ನೋಡಿ

ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ಆಶಾ ಮತ್ತು ಅಂಗನವಾಡಿಯ ಅಕ್ಕಂದಿರೇ,

ಬಾಣಂತನ ಮುಗಿಸಿದ ಮಗಳು ಮೂರು ತಿಂಗಳಿಗೋ ಐದು ತಿಂಗಳಿಗೋ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಬರುತ್ತಾಳೆ. ಅಲ್ಲಿಯವರೆಗೆ ಹೇಗೋ ಕುಡಿಯುತ್ತಿದ್ದ ಕೂಸು ಈಗ ಎದೆಗೆ ಹಾಕಿದರೆ ಎಳೆದೆಳೆದು ಬಿಡುತ್ತದೆ, ಬೆನ್ನು ಸೆಟೆಸಿ ಅಳುತ್ತದೆ. ಗಂಟೆಗೊಮ್ಮೆ ಹಸಿವು. ತೂಕ ನಿಂತಲ್ಲೇ ನಿಂತಿದೆ. ಮನೆಯಲ್ಲಿ ತೀರ್ಪು ಸಿದ್ಧ: "ಹಾಲು ಬತ್ತಿದೆ", "ಹಾಲು ನೀರಾಗಿದೆ", "ಯಾರದೋ ದೃಷ್ಟಿ ತಾಗಿದೆ". ಮೆಣಸಿನಕಾಯಿ ನಿವಾಳಿಸಿದ್ದಾಯಿತು, ಬೆಳ್ಳುಳ್ಳಿ, ಸಬ್ಬಸಿಗೆ ತಿನ್ನಿಸಿದ್ದಾಯಿತು. ಸಂಜೆಗೆ ಪುಡಿಹಾಲಿನ ಡಬ್ಬಿ ಬಂತು. ಕೂಸಿನ ನಾಲಿಗೆಯ ಕೆಳಗೆ ಮಾತ್ರ ಯಾರೂ ನೋಡಲಿಲ್ಲ.

ನಾವು ಹೇಳುವುದು ಇಷ್ಟೇ: ಡಬ್ಬಿ ತರುವ ಮೊದಲು, ನಾಲಿಗೆಯಡಿಯ ಪೊರೆಗೆ ಕತ್ತರಿ ಹಿಡಿಯುವ ಮೊದಲು, ಬಲ್ಲವರೊಬ್ಬರು ಆ ನಾಲಿಗೆ ಎತ್ತಿ ನೋಡಲಿ. ಕೂಸು ಹಾಲು ಕುಡಿಯುವುದನ್ನು ಪಕ್ಕದಲ್ಲಿ ಕೂತು ನೋಡಲಿ.

ನಾಲಿಗೆ ಕಟ್ಟು ಅಂದರೆ

ನಾಲಿಗೆಯನ್ನು ಬಾಯಿಯ ತಳಕ್ಕೆ ಹಿಡಿದಿಡುವ ಪೊರೆ ಎಲ್ಲರಿಗೂ ಇದೆ. ಕೆಲವು ಕೂಸುಗಳಿಗೆ ಅದು ಹುಟ್ಟಿನಿಂದಲೇ ಗಿಡ್ಡ, ಬಿಗಿ. ಹಾಲು ಕುಡಿಯಬೇಕಾದರೆ ನಾಲಿಗೆ ಒಸಡು ದಾಟಿ ಮುಂದೆ ಬರಬೇಕು, ಮೊಲೆಯನ್ನು ಕೆಳಗಿನಿಂದ ಆನಿಸಿಕೊಳ್ಳಬೇಕು, ಏರಿ ಇಳಿಯಬೇಕು. ಪೊರೆ ತೀರಾ ಬಿಗಿಯಿದ್ದರೆ ಇದಾವುದೂ ಸಲೀಸಾಗದು. ಆಗ ಕೂಸು ತೊಟ್ಟನ್ನಷ್ಟೇ ಕಚ್ಚಿ ಚೀಪುತ್ತದೆ. ತಾಯಿಗೆ ನೋವು, ಕೂಸಿಗೆ ಅರೆಹೊಟ್ಟೆ.

ಇಷ್ಟು ದಿನ ಇಲ್ಲದ್ದು ಈಗೇಕೆ?

ಹೆರಿಗೆಯ ನಂತರದ ವಾರಗಳಲ್ಲಿ ಹಾರ್ಮೋನಿನ ಬಲದಿಂದ ಹಾಲು ಉಕ್ಕುತ್ತದೆ. ಕೂಸು ಸರಿಯಾಗಿ ಎಳೆಯದಿದ್ದರೂ ಬಾಯಿಗೆ ತಾನಾಗಿ ಇಳಿಯುತ್ತದೆ. ಆಮೇಲೆ ಲೆಕ್ಕ ಬೇರೆ. ಸೇದಿದ ಬಾವಿಯಲ್ಲಿ ನೀರು ಊರಿದ ಹಾಗೆ, ಎದೆ ಬರಿದಾದಷ್ಟೂ ಹಾಲು ಊರುತ್ತದೆ. ಎದೆಯಲ್ಲೇ ಉಳಿದ ಹಾಲು ಮೈಗೆ "ಇಷ್ಟು ಸಾಕು" ಎಂದು ಹೇಳುತ್ತದೆ. ಹೀಗೆ ದಿನದಿನಕ್ಕೆ ಕುಗ್ಗಿದ್ದು ಮೂರು ನಾಲ್ಕು ತಿಂಗಳ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ. ಸೊಸೆ ತವರು ಬಿಟ್ಟು ಬರುವುದೂ ಅದೇ ಕಾಲ. ಹಾಗಾಗಿ ತಪ್ಪು ಅವಳ ಊಟಕ್ಕೋ, ಹೊಸ ನೀರಿಗೋ, ನೆರೆಯವಳ ಕಣ್ಣಿಗೋ ಹೋಗಿ ಅಂಟುತ್ತದೆ.

ಗುರುತುಗಳು

- ಕುಡಿಯುವಾಗ ಲೊಚಕ್ ಲೊಚಕ್ ಸದ್ದು, ಕಟವಾಯಿಯಿಂದ ಹಾಲು ಸೋರುವುದು
- ಕುಡಿದು ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ ಬಿಳಿಚಿರುವುದು, ಬಿರುಕು ಬಿಡುವುದು
- ಎದೆ ಮತ್ತೆ ಮತ್ತೆ ಗಡ್ಡೆ ಕಟ್ಟುವುದು, ಜ್ವರ ಬರುವುದು
- ಎಷ್ಟು ಹೊತ್ತು ಕುಡಿದರೂ ತೃಪ್ತಿ ಇಲ್ಲದಿರುವುದು, ತೂಕ ಏರದಿರುವುದು
- ಅಳುವಾಗ ನಾಲಿಗೆ ಮೇಲೇಳದಿರುವುದು, ತುದಿಯಲ್ಲಿ ನಡುವೆ ಸೀಳಿದಂತೆ ತಗ್ಗು ಕಾಣುವುದು

ಇವುಗಳಲ್ಲಿ ಹಲವು ಬೇರೆ ಕಾರಣಕ್ಕೂ ಬರುತ್ತವೆ. ಅದಕ್ಕೇ ನೀವೇ ತೀರ್ಮಾನಿಸದೆ ಮಕ್ಕಳ ವೈದ್ಯರಿಗೆ, ಸ್ತನ್ಯಪಾನ ಸಲಹೆಗಾರರಿಗೆ ತೋರಿಸಿ.

"ಆರು ತಿಂಗಳಾಯಿತಲ್ಲ, ಬಿಡಿಸಿಬಿಡು"

ಬಿಡಿಸಬೇಡಿ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ರಾಗಿ ಸರಿ, ಮಿದ್ದ ಅನ್ನಬೇಳೆಯ ಜೊತೆಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಎದೆಹಾಲು. ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಾಲಿಗೆ ಕಟ್ಟಿದ ಕೂಸಿಗೂ ಇದೇ ಅನ್ವಯ.

ಇವತ್ತೇ ಮಾಡಬಹುದಾದ ಕೆಲಸಗಳಿವೆ. ಕುತ್ತಿಗೆ ನಿಂತ ಕೂಸನ್ನು ನಿಮ್ಮ ತೊಡೆಯ ಮೇಲೆ ಕುದುರೆ ಸವಾರಿಯಂತೆ ನೆಟ್ಟಗೆ ಕೂರಿಸಿ ಕುಡಿಸಿ ನೋಡಿ. ಗಲ್ಲ ಮೊದಲು ಎದೆಗೆ ತಾಗಲಿ, ಬಾಯಿ ಅಗಲವಾಗಿ ತೆರೆಯಲಿ, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಒಳಗೆ ಹೋಗಲಿ. ಚೀಪುವುದು ನಿಧಾನವಾದಾಗ ಎದೆಯನ್ನು ಮೆಲ್ಲಗೆ ಒತ್ತಿ ಹಾಲು ಇಳಿಸಿ. ಕುಡಿಸಿದ ಮೇಲೆ ಉಳಿದ ಹಾಲನ್ನು ಕೈಯಿಂದ ಹಿಂಡಿ ಒಳಲೆಯಲ್ಲೋ ಲೋಟದಲ್ಲೋ ಕೊಡಿ. ಕೂಸಿನ ಹೊಟ್ಟೆಯೂ ತುಂಬುತ್ತದೆ, ಊಟೆಯೂ ನಿಲ್ಲದು.

ಒಂದು ಎಚ್ಚರಿಕೆ. ತೂಕ ಇಳಿಯುತ್ತಿದ್ದರೆ, ಉಚ್ಚೆ ಕಡಿಮೆಯಾಗಿದ್ದರೆ, ಕೂಸು ಮಂಕಾಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಅವರು ಮೇಲುಹಾಲು ಬೇಕೆಂದರೆ ಕೊಡಿ. ಹಸಿದ ಕೂಸಿನ ಮುಂದೆ ಹಟ ಸಲ್ಲದು. ಮೇಲುಹಾಲು ಕೊಟ್ಟ ಮಾತ್ರಕ್ಕೆ ಎದೆಹಾಲಿನ ಕತೆ ಮುಗಿಯುವುದೂ ಇಲ್ಲ.

ಕತ್ತರಿಯ ಮಾತು

ಎಲ್ಲ ಕಟ್ಟನ್ನೂ ಕತ್ತರಿಸಬೇಕಿಲ್ಲ. ಪೊರೆ ಗಿಡ್ಡವಿದ್ದೂ ಚೆನ್ನಾಗಿ ಕುಡಿಯುವ ಕೂಸುಗಳು ಬೇಕಾದಷ್ಟಿವೆ. ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2017ರ ಪರಿಶೀಲನೆ 5 ಪ್ರಯೋಗಗಳ 302 ಎಳೆಗೂಸುಗಳ ಫಲಿತಾಂಶವನ್ನು ಒಟ್ಟಿಗಿಟ್ಟು ನೋಡಿತು. ಪೊರೆ ಕತ್ತರಿಸಿದಾಗ ತಾಯಿಯ ನೋವು ಸ್ವಲ್ಪ ಕಾಲ ಕಡಿಮೆಯಾದದ್ದು ಕಂಡಿತು, ಕೂಸು ಕುಡಿಯುವ ಬಗೆ ಎಲ್ಲ ಪ್ರಯೋಗಗಳಲ್ಲೂ ಸುಧಾರಿಸಿದ್ದು ಕಾಣಲಿಲ್ಲ.

ಎಳೆಗೂಸಿಗೆ ಪೊರೆ ಕತ್ತರಿಸುವುದು ಕೆಲವೇ ಕ್ಷಣದ ಕೆಲಸ. ದೊಡ್ಡ ಕೂಸು ಕೊಸರುತ್ತದೆ, ಹಲ್ಲು ಬಂದಿರುತ್ತದೆ. ಕೆಲವೊಮ್ಮೆ ಅರಿವಳಿಕೆಯೂ ಬೇಕಾಗಬಹುದು. ಕತ್ತರಿಸಿದ ಮೇಲೂ ತಿಂಗಳುಗಟ್ಟಲೆ ರೂಢಿಯಾದ ಚೀಪುವ ಕ್ರಮವನ್ನು ಮರೆತು ಹೊಸದನ್ನು ಕಲಿಯಲು ಅದಕ್ಕೆ ವಾರಗಳೇ ಹಿಡಿಯಬಹುದು. ಒಪ್ಪುವ ಮೊದಲು ಕೇಳಿ: "ನನ್ನ ಕೂಸು ಕುಡಿಯುವುದನ್ನು ನೀವು ನೋಡಿದ್ದೀರಾ?"

"ಕತ್ತರಿಸದಿದ್ದರೆ ಮುಂದೆ ಮಾತು ಬಾರದು" ಎಂಬ ಬೆದರಿಕೆಗೆ ಮಣಿಯಬೇಡಿ. ಮಾತಿನ ಬಗ್ಗೆ ಅನುಮಾನವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿ. ಬಜೆಯನ್ನು ಜೇನಿನಲ್ಲಿ ತೇಯ್ದು ತಿಕ್ಕಿದರೆ ಪೊರೆ ಸಡಿಲವಾಗದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಅಪಾಯವೂ ಹೌದು. ಮನೆಯಲ್ಲಿ ಉಗುರು, ಬ್ಲೇಡು ಮುಟ್ಟಿಸಲೇಬೇಡಿ.

ನಮ್ಮ ಒತ್ತಾಯ

1. 6, 10, 14ನೇ ವಾರದ ಲಸಿಕೆಗೆ ಬಂದ ಪ್ರತಿ ತಾಯಿಯನ್ನೂ ಆರೋಗ್ಯ ಸಿಬ್ಬಂದಿ ಕೇಳಲಿ: "ಹಾಲು ಕುಡಿಸುವಾಗ ನೋವಿದೆಯೇ?" ಇದೆ ಎಂದರೆ ಕೂಸಿನ ಬಾಯಿ ನೋಡಲಿ.
2. 3, 6, 9, 12, 15ನೇ ತಿಂಗಳಿಗೆ ಮನೆಗೆ ಬರುವ ಆಶಾ ಅಕ್ಕಂದಿರಿಗೆ ಕೂಸು ಕುಡಿಯುವುದನ್ನು ಗಮನಿಸುವ ತರಬೇತಿ ಸಿಗಲಿ.
3. ಎರಡು ವರ್ಷದೊಳಗಿನ ಮಕ್ಕಳ ಪುಡಿಹಾಲು, ಬಾಟಲಿಗಳ ಪ್ರಚಾರವನ್ನು 1992ರ ಕಾಯ್ದೆ ನಿಷೇಧಿಸಿದೆ. ಅದು ಔಷಧಿ ಅಂಗಡಿಯ ಗಾಜಿನವರೆಗೂ ಜಾರಿಯಾಗಲಿ.
4. ಕಾನೂನಿನಂತೆ ಕೂಸಿಗೆ 15 ತಿಂಗಳು ತುಂಬುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಬಿಡುವು ತಾಯಿಯ ಹಕ್ಕು. ಕೇಳಿದವಳನ್ನು ಕೆಲಸಗಳ್ಳಿ ಎನ್ನಬೇಡಿ.

ಅಜ್ಜಿಯರೇ, ಕೊನೆಯ ಮಾತು ನಿಮಗೆ. ಮನೆಯಲ್ಲಿ ನಿಮ್ಮ ಮಾತು ನಡೆಯುತ್ತದೆ. ಮುಂದಿನ ಸಲ ಸೊಸೆ ಅಳುವ ಕೂಸನ್ನು ಎತ್ತಿಕೊಂಡು ಕೂತಾಗ "ನಿನಗೆ ಹಾಲಿಲ್ಲ" ಅನ್ನಬೇಡಿ. "ಬಾ, ಕೂಸಿನ ಬಾಯಿ ತೋರಿಸಿಕೊಂಡು ಬರೋಣ" ಅನ್ನಿ. ಅವಳ ಜೊತೆ ನೀವೂ ಹೊರಡಿ.

ಓದಿದ ಮೇಲೆ ಎಸೆಯಬೇಡಿ. ಎಳೆಗೂಸಿರುವ ಮನೆಗೆ ದಾಟಿಸಿ.