ಅಡುಗೂಲಜ್ಜಿಗೊಂದು ಕುರ್ಚಿ

ನಮ್ಮ ಜನಪದ ಕಥೆಗಳಲ್ಲಿ ರಾಜಕುಮಾರನು ದೇಶಾಂತರ ಹೊರಟನೆಂದರೆ, ಹೊಸ ಪಟ್ಟಣದಲ್ಲಿ ಅವನು ಮೊದಲು ಸೇರುವುದು ಅಡುಗೂಲಜ್ಜಿಯ ಮನೆಯನ್ನು. ಅಡು, ಕೂಳು, ಅಜ್ಜಿ ಎಂಬ ಮೂರು ಮಾತುಗಳು ಕೂಡಿ ಆದ ಹೆಸರು ಅದು. ಕೂಳನ್ನು ಅಟ್ಟು ದಾರಿಹೋಕರಿಗೆ ಇಕ್ಕುವ ಮುದುಕಿ ಎಂದು ಅರ್ಥ. ಅವಳು ಬಂದವನ ಕೈಗೆ ನೀರು ಕೊಡುತ್ತಾಳೆ, ಜಗುಲಿಯ ಮೇಲೆ ಕೂರಿಸುತ್ತಾಳೆ, ಊಟಕ್ಕಿಟ್ಟು ಊರಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ. ಅರಮನೆಯ ಒಳಗುಟ್ಟು ಸಹ ಅವಳಿಗೆ ತಿಳಿಯದುದಲ್ಲ. ನಮ್ಮಲ್ಲಿ ಹೋಟೆಲು ಎಂಬ ಸಂಸ್ಥೆಗೆ ವಂಶಾವಳಿಯನ್ನು ಬರೆಯುವುದಾದರೆ ಮೂಲಪುರುಷನ ಸ್ಥಾನದಲ್ಲಿ ಈ ಮುದುಕಿಯನ್ನೇ ಕೂರಿಸಬೇಕು. ಈ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿ ವಿದ್ಯಾರ್ಥಿಗಳನ್ನು ನಗಿಸಿದ್ದೇನೆ. ಹೋದ ಮಳೆಗಾಲದಲ್ಲಿ ಬೆಂಗಳೂರಿನ ಒಂದು ದರ್ಶಿನಿಯ ಮುಂದೆ ನನ್ನ ತಾಯಿಯ ಕೈ ಹಿಡಿದು ನಿಂತಿದ್ದಾಗ ಅದೇ ಮಾತು ನೆನಪಿಗೆ ಬಂದಿತು. ಆಗ ನಗು ಬರಲಿಲ್ಲ.

ದರ್ಶಿನಿಯೆಂದರೇನೆಂಬುದನ್ನು ಬೆಂಗಳೂರಿಗರಿಗೆ ಹೇಳಬೇಕಾದುದಿಲ್ಲ. ಹೊರಗಿನವರಿಗಾಗಿ ಎರಡು ಮಾತು: ಹಣ ತೆತ್ತು ಚೀಟಿ ಪಡೆದು, ಚೀಟಿ ಕೊಟ್ಟು ತಟ್ಟೆ ಪಡೆದು, ಎದೆಯೆತ್ತರದ ಕಲ್ಲುಹಲಗೆಯ ಮೇಲೆ ಅದನ್ನಿಟ್ಟುಕೊಂಡು ನಿಂತೇ ತಿಂದು ಹೊರಡುವ ಉಪಾಹಾರಗೃಹ ಅದು. (ಉಪಾಹಾರವೆಂದೇ ಬರೆಯಬೇಕು. ಎಷ್ಟೋ ಫಲಕಗಳ ಮೇಲಿರುವ ‘ಉಪಹಾರ’ಕ್ಕೆ ಕಾಣಿಕೆಯೆಂದು ಅರ್ಥ, ಯಾವ ಹೋಟೆಲಿನವರೂ ಗಿರಾಕಿಗೆ ಕಾಣಿಕೆ ಕೊಟ್ಟುದನ್ನು ನಾನು ಕಂಡಿಲ್ಲ.) 1983ರಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯಿಂದ ಈ ಪದ್ಧತಿ ಮೊದಲಾಯಿತು. ಈಗ ಅದಿಲ್ಲದ ಬಡಾವಣೆಯೇ ಇಲ್ಲ. “ಕುದುರೆಯ ಹಾಗೆ ನಿಂತು ತಿನ್ನುವುದೇ?” ಎಂದು ಹಳಬರು ಹಳಿಯುತ್ತಿದ್ದುದುಂಟು, ನನ್ನ ಗುರುಗಳಲ್ಲೊಬ್ಬರು ಕೊನೆಯವರೆಗೂ ಅದರ ಮೆಟ್ಟಿಲು ಹತ್ತಲಿಲ್ಲ. ನಾನು ಅವರ ಪಕ್ಷದವಳಾಗಿರಲಿಲ್ಲ. ಅದಕ್ಕೆ ಕಾರಣವಿತ್ತು.

ನಮ್ಮದು ತಿಪಟೂರಿನ ಕಡೆ. ನಾನು ಚಿಕ್ಕವಳಾಗಿದ್ದಾಗ ಅಲ್ಲಿನ ಹೋಟೆಲಿನ ಹಿಂಬದಿಯಲ್ಲಿ ಹಸಿರು ಪರದೆಯ ಗೂಡೊಂದಿತ್ತು. ಅದರ ನೆತ್ತಿಯ ಮೇಲೆ ‘ಫ್ಯಾಮಿಲಿ ರೂಮ್’ ಎಂದು ಬರೆದಿತ್ತು. ಹೆಂಗಸರು ಗಂಡನ ಅಥವಾ ತಂದೆಯ ಬೆನ್ನ ಹಿಂದೆ ತಲೆ ತಗ್ಗಿಸಿ ನಡೆದು ಆ ಪರದೆಯೊಳಗೆ ಸೇರಿ, ಬೆವರುತ್ತ ದೋಸೆ ತಿಂದು ಹೊರಬರಬೇಕು. ಒಬ್ಬಳೇ ಹೆಂಗಸು ಹೋಟೆಲಿಗೆ ಹೋಗಿ ಕಾಫಿ ಕುಡಿದಳೆಂದರೆ ಆ ಸುದ್ದಿ ಅವಳಿಗಿಂತ ಮೊದಲೇ ಮನೆಗೆ ತಲುಪುತ್ತಿತ್ತು. 2002ರಲ್ಲಿ ಎಂ.ಎ. ಓದಲು ಬೆಂಗಳೂರಿಗೆ ಬಂದವಳು ಒಂದು ಬೆಳಿಗ್ಗೆ ಹಸಿವು ತಡೆಯಲಾರದೆ, ಎದೆ ಹೊಡೆದುಕೊಳ್ಳುತ್ತಿದ್ದಂತೆಯೇ, ದರ್ಶಿನಿಯೊಂದನ್ನು ಹೊಕ್ಕೆ. ಚೀಟಿ ಕೊಡುವವನು ತಲೆಯೆತ್ತಿ ನೋಡಲಿಲ್ಲ. ಇಡ್ಲಿ ಒಂದೋ ಎರಡೋ ಎಂಬ ವಚನದ ನಿರ್ಣಯವಷ್ಟೇ ಅವನಿಗೆ ಬೇಕಾಗಿದ್ದಿತು. ಲಿಂಗದ ಗೊಡವೆ ಅವನಿಗಿರಲಿಲ್ಲ. ಒಂದು ಪಕ್ಕದಲ್ಲಿ ಆಟೋ ಓಡಿಸುವವರು, ಇನ್ನೊಂದು ಪಕ್ಕದಲ್ಲಿ ಬ್ಯಾಂಕಿನ ಗುಮಾಸ್ತರು, ನಡುವೆ ನಾನು. ಅಂದು ತಿಂದ ಇಡ್ಲಿಯ ರುಚಿ ಇಂದು ನೆನಪಿಲ್ಲ. ಯಾರೂ ನನ್ನನ್ನು ನೋಡಲಿಲ್ಲವೆಂಬ ಸುಖ ಮಾತ್ರ ಇನ್ನೂ ನೆನಪಿದೆ. ನಿಂತು ತಿನ್ನುವುದು ಅವಮಾನವೆಂದು ಹೇಳುವವರು ಪರದೆಯೊಳಗೆ ಕುಳಿತು ತಿಂದವರಲ್ಲ.

ಹೋಟೆಲಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ನಮ್ಮ ಸಮಾಜದಲ್ಲಿ ಎಂದೂ ಸಣ್ಣ ವಿಷಯವಾಗಿರಲಿಲ್ಲ. ಇಂದು ಎಂ.ಟಿ.ಆರ್. ಎಂದು ಲೋಕಪ್ರಸಿದ್ಧವಾಗಿರುವ ಸ್ಥಳ 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಆ ಕಾಲದ ಹಲವು ಹೋಟೆಲುಗಳಲ್ಲಿ ಜಾತಿಯನ್ನು ಕೇಳಿ ಕೂರಿಸುವ ಪದ್ಧತಿಯಿತ್ತು. ಕೆಲವರನ್ನು ಹೊಸ್ತಿಲು ದಾಟಲೂ ಬಿಡುತ್ತಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ, ಜಾತಿ ಧರ್ಮ ಲಿಂಗಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿ ಹೋಟೆಲುಗಳಲ್ಲಿ ಪ್ರವೇಶವನ್ನು ನಿರಾಕರಿಸಕೂಡದೆಂದು ಬಾಯಿಬಿಟ್ಟು ಹೇಳಬೇಕಾಯಿತು. ಒಂದು ರಾಷ್ಟ್ರದ ಮೂಲಶಾಸನವು ಹೋಟೆಲಿನ ಬಾಗಿಲವರೆಗೆ ಬಂದು ನಿಲ್ಲಬೇಕಾದರೆ ಆ ಬಾಗಿಲಿನಲ್ಲಿ ಎಷ್ಟು ಜನ ತಡೆಯಲ್ಪಟ್ಟಿರಬೇಕು! ಹಾಗೆ ಗೆದ್ದುಕೊಂಡ ಕುರ್ಚಿ ಈಗ ಬೇರೊಂದು ದಾರಿಯಲ್ಲಿ ಕೈಬಿಟ್ಟು ಹೋಗುತ್ತಿದೆ ಎಂಬುದೇ ನನ್ನ ದೂರು.

ನನ್ನ ತಾಯಿಗೆ ಎಪ್ಪತ್ತನಾಲ್ಕು ವರ್ಷ. ಮಂಡಿನೋವು. ಕಣ್ಣಿನ ತಪಾಸಣೆಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೊರಬರುವ ಹೊತ್ತಿಗೆ ಹನ್ನೊಂದೂವರೆಯಾಗಿತ್ತು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎದುರಿನ ಹೋಟೆಲಿಗೆ ಹೋದೆವು. ಕೆಳಗಿನ ಹಜಾರದಲ್ಲಿ ಒಂದು ಕುರ್ಚಿಯೂ ಇಲ್ಲ. “ಕೂರೋದಾದ್ರೆ ಮೇಲೆ ಎ.ಸಿ. ಹಾಲ್ ಇದೆ ಮೇಡಂ” ಎಂದರು ಗಲ್ಲಾಪೆಟ್ಟಿಗೆಯವರು. ಕೆಳಗೆ 70 ರೂಪಾಯಿಯ ಮಸಾಲೆ ದೋಸೆಗೆ ಮೇಲೆ 110. ಹಣದ ಮಾತಿರಲಿ, ನಾನು ಕೊಡಬಲ್ಲೆ. ಆದರೆ ಮೇಲೆ ಹೋಗಲು ಹದಿನೆಂಟು ಮೆಟ್ಟಿಲು. ಕೂರಬೇಕಾದವರು ಹತ್ತಲಾರರು, ಹತ್ತಬಲ್ಲವರು ಕೂರದಿದ್ದರೂ ನಡೆಯುತ್ತದೆ. ಈ ಏರ್ಪಾಟನ್ನು ಯೋಚಿಸಿದ ಮಹಾನುಭಾವರು ಯಾರೋ ತಿಳಿಯದು.

“ಬಿಡೇ, ನಿಂತೇ ತಿಂತೀನಿ. ದೇವಸ್ಥಾನದಲ್ಲಿ ಪ್ರಸಾದ ನಿಂತು ತಿನ್ನಲ್ವೆ?” ಎಂದಳು ಅಮ್ಮ. ಕಲ್ಲುಹಲಗೆ ಅವಳ ಗಲ್ಲದೆತ್ತರಕ್ಕಿತ್ತು. ಎರಡು ತುತ್ತಿನ ಮೇಲೆ ಅವಳ ಕೈ ನಡುಗತೊಡಗಿತು. ತಟ್ಟೆ ಎತ್ತುವ ಹೆಂಗಸೊಬ್ಬಳು ಇದನ್ನು ಕಂಡು ಒಳಗಿನಿಂದ ಖಾಲಿ ಎಣ್ಣೆಯ ಡಬ್ಬವೊಂದನ್ನು ತಂದು ಬೋರಲು ಹಾಕಿ, “ಕೂತ್ಕಳಿ ಅಜ್ಜಿ” ಎಂದಳು. ಅಮ್ಮ ಕೂತಳು. ಅಷ್ಟರಲ್ಲಿ ಗಲ್ಲದವರು, “ಅಲ್ಲಿ ಕೂರಂಗಿಲ್ಲಮ್ಮ, ಓಡಾಡೋರಿಗೆ ಅಡ್ಡ ಆಗುತ್ತೆ” ಎಂದು ಕೂಗಿದರು. ಮಾತು ನನಗಲ್ಲ, ಆ ಹೆಂಗಸಿಗೆ. ಅವಳು ಕೇಳಿಸದವಳಂತೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಮ್ಮ ಮಾತ್ರ ಎದ್ದುಬಿಟ್ಟಳು. ಅರ್ಧ ದೋಸೆ ತಟ್ಟೆಯಲ್ಲೇ ಉಳಿಯಿತು.

ಹೋಟೆಲಿನವರ ಕಷ್ಟವನ್ನು ನಾನು ಅರಿಯೆನೆಂದಲ್ಲ. ಈ ನಗರದಲ್ಲಿ ನೆಲದ ಬಾಡಿಗೆ ಅಕ್ಕಿ ಉದ್ದಿನ ಬೆಲೆಗಿಂತ ಹೆಚ್ಚು ಹೆದರಿಸುವಂಥದು. ಒಂದು ಮೇಜು, ನಾಲ್ಕು ಕುರ್ಚಿ ಹಿಡಿಯುವ ಸ್ಥಳದಲ್ಲಿ ಎಂಟು ಹತ್ತು ಜನ ನಿಲ್ಲಬಹುದು. ಕುಳಿತವನು ಅರ್ಧ ಗಂಟೆ ಹರಟಿದರೆ ನಿಂತವನು ಹತ್ತು ನಿಮಿಷದಲ್ಲಿ ಜಾಗ ಬಿಡುತ್ತಾನೆ. ದರ್ಶಿನಿಯ ದೋಸೆ ಅಗ್ಗವಾಗಿರುವುದು ಈ ಲೆಕ್ಕದಿಂದಲೇ. ಅಗ್ಗದ ದೋಸೆಯಿಂದ ಹೊಟ್ಟೆ ಹೊರೆಯುವ ಸಾವಿರಾರು ಹುಡುಗರ ಪಾಲಿಗೆ ಅದನ್ನು ದುಬಾರಿ ಮಾಡಬೇಕೆಂದು ಹೇಳುವ ಮನಸ್ಸು ನನಗಿಲ್ಲ. ಎಲ್ಲರಿಗೂ ಕುರ್ಚಿ ಹಾಕಿರೆಂದು ನಾನು ಕೇಳುತ್ತಿಲ್ಲ. ನಾಲ್ಕು ಹಾಕಿ. ನೆಲಮಟ್ಟದಲ್ಲಿ ಹಾಕಿ. ಕುಳಿತದ್ದಕ್ಕೆ ಬೇರೆ ದರ ಹಿಡಿಯಬೇಡಿ. ಹಿಂದೆ ಎಲ್ಲರನ್ನೂ ಕೂರಿಸುತ್ತಿದ್ದವರೂ ಈಗ ಕೆಳಗಿನ ಹಜಾರವನ್ನು ಖಾಲಿ ಮಾಡಿ ಕುರ್ಚಿಗಳನ್ನು ಮೇಲಕ್ಕೆ ಸಾಗಿಸುತ್ತಿರುವುದನ್ನು ಕಂಡೇ ಈ ಮಾತು ಹೇಳುತ್ತಿದ್ದೇನೆ. ಹೀಗಾದರೆ ಕೂರುವುದೆಂಬುದು ಉಳ್ಳವರ, ಮತ್ತು ಗಟ್ಟಿ ಮಂಡಿಯುಳ್ಳವರ ಹಕ್ಕಾಗುತ್ತದೆ.

ಖಾಲಿ ಕುರ್ಚಿ ಕಂಡರೆ ಮುದುಕರಿಗಿಂತ ಮೊದಲು ಯುವಕರೇ ಬಂದು ಕೂರುತ್ತಾರೆ ಎಂದು ಹೋಟೆಲಿನ ಮಿತ್ರರೊಬ್ಬರು ನನಗೆ ಹೇಳಿದರು. ಇರಬಹುದು. ಆದರೆ ಅಜ್ಜಿಯೊಬ್ಬಳು ಎದುರು ಬಂದು ನಿಂತಾಗ ಏಳದವರು ನಮ್ಮಲ್ಲಿ ಇನ್ನೂ ವಿರಳವೆಂದು ನನ್ನ ನಂಬಿಕೆ. ನಗರದ ಬಸ್ಸಿನಲ್ಲಿ ದಿನವೂ ಓಡಾಡುವವಳಾಗಿ ಇದನ್ನು ಹೇಳುತ್ತಿದ್ದೇನೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆದುಬಂದಿದೆ. ಅಲ್ಲಿ ಒಂದು ಮೇಜಿಗೆ ಅಪರಿಚಿತರು ಎದುರುಬದುರು ಕುಳಿತು ದೋಸೆ ತಿನ್ನುತ್ತಾರೆ, ಎದ್ದವರ ಜಾಗಕ್ಕೆ ಕಾದವರು ಬರುತ್ತಾರೆ. ಕಾಯುವವರ ಕಣ್ಣು ಮೇಲಿರುವಾಗ ಯಾರೂ ಅಲ್ಲಿ ಬೇರು ಬಿಟ್ಟು ಕೂರುವುದಿಲ್ಲ. ಗುರುತಿಲ್ಲದವರೊಬ್ಬರು ಅಮ್ಮನ ಕಡೆಗೆ ಚಟ್ನಿಯ ಬಟ್ಟಲನ್ನು ಸರಿಸಿ, “ಯಾವೂರಮ್ಮ?” ಎಂದು ಕೇಳಿದ್ದು ಅಲ್ಲಿಯೇ. ಊರಿಗೆ ಹೋದ ಮೇಲೆ ಅವಳು ನೆರೆಯವರಿಗೆ ಹೇಳಿದ್ದು ದೋಸೆಯ ವಿಷಯವನ್ನಲ್ಲ, ಆ ಮಾತಿನ ವಿಷಯವನ್ನು.

ಬರುವ ತಿಂಗಳು ಮತ್ತೆ ತಪಾಸಣೆಯಿದೆ. ಅಮ್ಮ ಈಗಲೇ ಫೋನಿನಲ್ಲಿ ತಿಳಿಸಿದ್ದಾಳೆ: ಅವಲಕ್ಕಿಗೆ ಒಗ್ಗರಣೆ ಹಾಕಿ ಡಬ್ಬಿಯಲ್ಲಿ ತರುತ್ತಾಳಂತೆ, ಆಸ್ಪತ್ರೆಯ ಬೆಂಚಿನ ಮೇಲೆಯೇ ಕುಳಿತು ತಿನ್ನಬಹುದಂತೆ. ಕಾಫಿಯನ್ನು ಮಾತ್ರ ನಾನು ಎದುರಿನಿಂದ ತಂದುಕೊಟ್ಟರೆ ಸಾಕಂತೆ.