ನೂರು ದಾಟಿದ ಮನೋವಿಜ್ಞಾನ ವಿಭಾಗ ಮತ್ತು ಕನ್ನಡ ಸಮಾಜ: ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಿಗೆ ಬಹಿರಂಗ ಪತ್ರ



ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವು ಮೊದಲ ನೂರು ವರ್ಷಗಳನ್ನು ಪೂರೈಸಿ ಎರಡನೆಯ ಶತಮಾನಕ್ಕೆ ಕಾಲಿಟ್ಟಿರುವ ಈ ಹೊತ್ತಿನಲ್ಲಿ, ಅಲ್ಲಿನ ಪ್ರಾಧ್ಯಾಪಕರು ಯಾವ ಪ್ರಶ್ನೆಗಳನ್ನು ಸಂಶೋಧನೆಗೆ ಎತ್ತಿಕೊಳ್ಳುತ್ತಾರೆ, ಯಾವುದನ್ನು ಯಾವ ಭಾಷೆಯಲ್ಲಿ ಪಾಠ ಹೇಳುತ್ತಾರೆ ಎಂಬ ವಿಚಾರವನ್ನು ಕನ್ನಡ ಸಮಾಜದ ಪರವಾಗಿ ತಮ್ಮ ಮುಂದಿಡುವುದು ಈ ಪತ್ರದ ಉದ್ದೇಶ. ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತುಗಳ ಅಧ್ಯಕ್ಷತೆ ತಮ್ಮದಾಗಿರುವುದರಿಂದ ಪಠ್ಯಕ್ರಮ, ನೇಮಕಾತಿ, ಪ್ರಕಟಣೆ ಈ ಮೂರೂ ಅಂತಿಮವಾಗಿ ತಮ್ಮ ಮೇಜಿಗೇ ಬರುತ್ತವೆ. ಆದ್ದರಿಂದ ಈ ಮನವಿಯನ್ನು ಬೇರೆ ಯಾರಿಗೆ ಬರೆದರೂ ಅದು ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು.

ಪ್ರಾಧ್ಯಾಪಕರ ಹೆಸರಿನ ಮುಂದೆ ನಮೂದಾಗುವ ಸಂಶೋಧನಾಸಕ್ತಿ ಎಂದರೆ ಒಬ್ಬ ವಿದ್ವಾಂಸ ತನ್ನ ದುಡಿಮೆಯ ಮೂವತ್ತು ಮೂವತ್ತೈದು ವರ್ಷಗಳನ್ನು ಯಾವ ಪ್ರಶ್ನೆಗೆ ಮುಡಿಪಾಗಿಡುತ್ತಾನೆ ಎಂಬುದರ ಘೋಷಣೆ. ಆ ಆಸಕ್ತಿಯ ಸುತ್ತಲೇ ಪಿಎಚ್.ಡಿ. ವಿದ್ಯಾರ್ಥಿಗಳು ಸೇರುತ್ತಾರೆ, ಪ್ರಯೋಗಾಲಯದ ಉಪಕರಣಗಳು ಬರುತ್ತವೆ, ಐಚ್ಛಿಕ ಪತ್ರಿಕೆಗಳು ರೂಪುಗೊಳ್ಳುತ್ತವೆ. ಆ ವಿದ್ಯಾರ್ಥಿಗಳು ಮುಂದೆ ಕಾಲೇಜುಗಳಲ್ಲಿ ಅಧ್ಯಾಪಕರಾಗಿ, ಆಸ್ಪತ್ರೆಗಳಲ್ಲಿ ಮನೋವಿಜ್ಞಾನಿಗಳಾಗಿ, ಶಾಲೆಗಳಲ್ಲಿ ಆಪ್ತಸಮಾಲೋಚಕರಾಗಿ ಹರಡಿದಾಗ ಅದೇ ಆಸಕ್ತಿ ಒಂದು ಪ್ರದೇಶದ ಜನರ ಬದುಕಿನೊಳಕ್ಕೆ ಇಳಿಯುತ್ತದೆ. ಮೈಸೂರಿನ ವಿಭಾಗದ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಕಲ್ಕತ್ತಾ ವಿಶ್ವವಿದ್ಯಾಲಯಕ್ಕಾಗಿ 1905ರಲ್ಲಿ ಪ್ರಾಯೋಗಿಕ ಮನೋವಿಜ್ಞಾನದ, ಅಂದರೆ ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗಾಲಯದಲ್ಲಿ ಅಳೆದು ನೋಡುವ ಶಾಸ್ತ್ರದ, ಪಠ್ಯಕ್ರಮವನ್ನು ಸಿದ್ಧಪಡಿಸಿದ ಬ್ರಜೇಂದ್ರನಾಥ ಸೀಲರು ಮೈಸೂರಿನ ಕುಲಪತಿಗಳಾಗಿದ್ದ ಕಾಲದಲ್ಲಿ ಇಲ್ಲಿನ ವಿಭಾಗ ಹುಟ್ಟಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ತರಬೇತಿ ಪಡೆದವರು; ಬೇರೆಬೇರೆ ಬೌದ್ಧಿಕ ಕೆಲಸಗಳ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯ ಇದೆ ಎಂದು 1904ರಲ್ಲಿ ಗಣಿತದ ಮೂಲಕ ವಾದಿಸಿದವರು ಈ ಸ್ಪಿಯರ್‌ಮನ್. ಅಂಥ ಗುರುವಿನಿಂದ ಕಲಿತು ಬಂದ ಗೋಪಾಲಸ್ವಾಮಿ ಅವರು ಪಶ್ಚಿಮದ ಬುದ್ಧಿಶಕ್ತಿ ಪರೀಕ್ಷೆಗಳನ್ನು ಇದ್ದಂತೆಯೇ ಬಳಸದೆ ಇಲ್ಲಿನ ಪರಿಸರಕ್ಕೆ ಹೊಂದಿಸುವ ಕೆಲಸಕ್ಕೆ ಕೈಹಾಕಿದರು, ಪ್ರಾಣಿಗಳ ವರ್ತನೆಯ ಅಧ್ಯಯನಕ್ಕೆ ಪ್ರಯೋಗಾಲಯವನ್ನೂ ತೆರೆದರು. 1935ರಲ್ಲಿ ಅವರು ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಇದ್ದ ಆಕಾಶವಾಣಿ ಎಂಬ ಹೆಸರನ್ನು ಮುಂದೆ ದೇಶದ ಬಾನುಲಿ ಸಂಸ್ಥೆಯೇ ತನ್ನದಾಗಿಸಿಕೊಂಡಿತು. ಪ್ರಯೋಗಾಲಯದಲ್ಲಿ ಪಾಶ್ಚಾತ್ಯ ಪ್ರಾಯೋಗಿಕ ವಿಧಾನವನ್ನು ಅನುಸರಿಸಿದ ಪ್ರಾಧ್ಯಾಪಕರೇ ಊರಿನ ಜನರ ಕಿವಿಗೆ ಮಾತು, ಸಂಗೀತಗಳನ್ನು ತಲುಪಿಸಲು ಹೊರಟದ್ದು ಆ ತಲೆಮಾರಿನ ವಿದ್ವತ್ತಿನ ಹರಹನ್ನು ತೋರಿಸುತ್ತದೆ.

ಇದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿ ಅವರ ಆಸಕ್ತಿ ಸಮಾಜ ಮನೋವಿಜ್ಞಾನ, ಅಂದರೆ ವ್ಯಕ್ತಿಯ ಆಲೋಚನೆ ಮತ್ತು ನಡವಳಿಕೆಗಳು ಗುಂಪು, ಜಾತಿ, ವರ್ಗ, ಕುಟುಂಬಗಳ ನಡುವೆ ಹೇಗೆ ರೂಪುಗೊಳ್ಳುತ್ತವೆ ಎಂಬುದರ ಅಧ್ಯಯನ. ಕುಟುಂಬದ ಯಜಮಾನನ ಶಿಕ್ಷಣ, ಉದ್ಯೋಗ ಮತ್ತು ಕುಟುಂಬದ ಆದಾಯಗಳಿಗೆ ಅಂಕ ಕೊಟ್ಟು, ಅವನ್ನು ಕೂಡಿಸಿ, ಕುಟುಂಬವನ್ನು ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುವ ಅವರ ಸಾಮಾಜಿಕ-ಆರ್ಥಿಕ ಸ್ಥಾನಮಾನದ ಮಾಪಕ, ಬೆಲೆಸೂಚ್ಯಂಕಕ್ಕೆ ಅನುಗುಣವಾಗಿ ಆದಾಯದ ಅಂಕಿಗಳನ್ನು ಪರಿಷ್ಕರಿಸಿಕೊಳ್ಳುತ್ತ, ಭಾರತದ ವೈದ್ಯಕೀಯ ಕಾಲೇಜುಗಳ ಸಮುದಾಯ ಆರೋಗ್ಯ ಅಧ್ಯಯನಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಈ ನೆಲದ ಕುಟುಂಬಗಳನ್ನು ಅರಿಯಬೇಕೆಂಬ ಒಬ್ಬ ಪ್ರಾಧ್ಯಾಪಕರ ಆಸಕ್ತಿಯಿಂದ ಇಡೀ ದೇಶದ ವೈದ್ಯರ ಕೈಗೆ ಒಂದು ಸಾಧನ ಸಿಕ್ಕಿತು.

ಈ ಪರಂಪರೆಯ ಬೆಳಕಿನಲ್ಲಿ ನೋಡಿದರೆ, ಮುಂದಿನ ಶತಮಾನದಲ್ಲಿ ವಿಭಾಗದ ಆದ್ಯತೆಗಳು ಯಾವ ಕಡೆಗೆ ತಿರುಗಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಮೊದಲನೆಯದು ಮನೋಮಾಪನ, ಎಂದರೆ ಬುದ್ಧಿ, ಸ್ಮರಣೆ, ವ್ಯಕ್ತಿತ್ವ, ಆತಂಕ ಮುಂತಾದವನ್ನು ಪರೀಕ್ಷೆ ಮತ್ತು ಪ್ರಶ್ನಾವಳಿಗಳ ಮೂಲಕ ಅಳೆಯುವ ಶಾಖೆ. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ 1930ರ ದಶಕದಲ್ಲಿ ರೂಪಿಸಿದ ಬಿನೆ-ಕಾಮತ್ ಪರೀಕ್ಷೆಯನ್ನು ಮಕ್ಕಳ ಬುದ್ಧಿಶಕ್ತಿ ಸೂಚ್ಯಂಕ ನಿರ್ಣಯಿಸಲು ಭಾರತದ ಅನೇಕ ಚಿಕಿತ್ಸಾಲಯಗಳು ದಶಕಗಳ ಕಾಲ ನೆಚ್ಚಿಕೊಂಡಿವೆ. ಯಾವ ಪರೀಕ್ಷೆಯ ಅಂಕಕ್ಕೂ ತನ್ನಷ್ಟಕ್ಕೆ ಅರ್ಥವಿಲ್ಲ. ಅದೇ ವಯಸ್ಸಿನ, ಅದೇ ಭಾಷೆಯ ಬಹುಸಂಖ್ಯೆಯ ಮಕ್ಕಳು ಪಡೆದ ಅಂಕಗಳೊಂದಿಗೆ ಹೋಲಿಸಿದಾಗ ಮಾತ್ರ ಅರ್ಥ ಬರುತ್ತದೆ, ಈ ಹೋಲಿಕೆಯ ಕೋಷ್ಟಕವನ್ನು ಸಿದ್ಧಪಡಿಸುವುದನ್ನೇ ಪ್ರಮಾಣೀಕರಣ ಎನ್ನುತ್ತಾರೆ. ಬುದ್ಧಿಶಕ್ತಿ ಪರೀಕ್ಷೆಗಳ ಸರಾಸರಿ ಅಂಕ ತಲೆಮಾರಿನಿಂದ ತಲೆಮಾರಿಗೆ ಏರುತ್ತ ಬಂದಿದೆ ಎಂಬುದನ್ನು ಸಂಶೋಧಕ ಜೇಮ್ಸ್ ಫ್ಲಿನ್ 1984ರಲ್ಲಿ ಅಮೆರಿಕದ ಅಂಕಿಗಳಿಂದ ತೋರಿಸಿಕೊಟ್ಟರು. ಆದ್ದರಿಂದ ಹಳೆಯ ಕೋಷ್ಟಕವನ್ನು ಇಟ್ಟುಕೊಂಡು ಇಂದಿನ ಮಗುವನ್ನು ಅಳೆದರೆ ಅಳತೆ ತಪ್ಪುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರ, ವಿಶೇಷ ಶಿಕ್ಷಣ, ಪರೀಕ್ಷಾ ರಿಯಾಯಿತಿ ಇವೆಲ್ಲ ಇಂಥ ಅಳತೆಯನ್ನು ಅವಲಂಬಿಸಿರುವಾಗ, ಚಾಮರಾಜನಗರದ ಮಗುವಿಗೂ ಬೆಂಗಳೂರಿನ ಮಗುವಿಗೂ ಸಲ್ಲುವ ಕನ್ನಡದ ಪರೀಕ್ಷೆಗಳನ್ನು ಕಾಲಕಾಲಕ್ಕೆ ಪ್ರಮಾಣೀಕರಿಸುವುದು ನ್ಯಾಯದ ಪ್ರಶ್ನೆಯಾಗುತ್ತದೆ.

ಎರಡನೆಯದು ಓದಿನ ಮನೋವಿಜ್ಞಾನ, ಅಂದರೆ ಕಣ್ಣು ಕಂಡ ಅಕ್ಷರ ಮನಸ್ಸಿನಲ್ಲಿ ಧ್ವನಿಯಾಗಿ, ಅರ್ಥವಾಗಿ ಬದಲಾಗುವ ಬಗೆಯ ಅಧ್ಯಯನ. ಈ ಕ್ಷೇತ್ರದ ಬಹುಪಾಲು ಸಿದ್ಧಾಂತಗಳು ಇಂಗ್ಲಿಷ್ ಓದುವ ಮಕ್ಕಳನ್ನು ನೋಡಿ ರಚಿತವಾದವು. ಅಲ್ಲಿ ಅಕ್ಷರಗಳು ಇಪ್ಪತ್ತಾರೇ ಆದರೂ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದು ಮಗುವಿನ ಮುಖ್ಯ ತೊಡಕು. ಕನ್ನಡದ ಮಗುವಿನ ತೊಡಕು ಬೇರೆ ಬಗೆಯದು. ಇಲ್ಲಿ ಬರೆದಂತೆ ಓದುವುದು ಬಹುಮಟ್ಟಿಗೆ ಸಾಧ್ಯ, ಆದರೆ ಮೂಲ ವರ್ಣಮಾಲೆ ಮುಗಿದ ಮೇಲೆ ಕಾಗುಣಿತ, ಕಾಗುಣಿತದ ಮೇಲೆ ಒತ್ತಕ್ಷರ ಎಂದು ಗುರುತಿಸಬೇಕಾದ ರೂಪಗಳು ನೂರಾರು ಆಗುತ್ತವೆ, ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ ಮೂರು ವ್ಯಂಜನಗಳೂ ಒಂದು ಸ್ವರವೂ ಅಡಗಿರುತ್ತವೆ. ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ಅಕ್ಷರಜ್ಞಾನ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಬೆಳೆಯುತ್ತಲೇ ಹೋಗುತ್ತದೆಂದೂ, ಪದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಸಾಮರ್ಥ್ಯ ನಿಧಾನವಾಗಿ ಮೂಡುತ್ತದೆಂದೂ ತೋರಿಸಿತು. ಮೈಸೂರಿನಲ್ಲಿ ಮನೋವಿಜ್ಞಾನ ಪ್ರಾಧ್ಯಾಪಕರಾಗಿದ್ದ ಪ್ರಕಾಶ ಪದಕಣ್ಣಾಯ ಅವರೂ ಕನ್ನಡದ ಲಿಪಿ ಮತ್ತು ಓದಿನ ಸಂಬಂಧವನ್ನು ತಮ್ಮ ಸಂಶೋಧನೆಯ ವಿಷಯವಾಗಿಸಿಕೊಂಡರು. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ಓದುಬರಹದಲ್ಲಿ ಮಾತ್ರ ಹಿಂದೆ ಬೀಳುವ ಡಿಸ್ಲೆಕ್ಸಿಯಾ ಎಂಬ ಸಮಸ್ಯೆಯನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವುದರಿಂದ, ಒತ್ತಕ್ಷರದಲ್ಲಿ ಎಡವುವ ಮಗುವನ್ನು ದಡ್ಡ ಎನ್ನದೆ ಅದರ ತೊಡಕನ್ನು ಪತ್ತೆಹಚ್ಚುವ ಸಾಧನಗಳು ಈಗ ಕಾನೂನಿನ ದೃಷ್ಟಿಯಿಂದಲೂ ಅಗತ್ಯ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹಾಗೂ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ ಎರಡೂ ಇರುವ ಮೈಸೂರಿಗಿಂತ ಈ ಕೆಲಸಕ್ಕೆ ಅನುಕೂಲವಾದ ಊರು ಇನ್ನೊಂದಿಲ್ಲ.

ಮೂರನೆಯದು ಚಿಕಿತ್ಸಾ ಮನೋವಿಜ್ಞಾನ ಮತ್ತು ಆಪ್ತಸಮಾಲೋಚನೆ, ಅಂದರೆ ಮನಸ್ಸಿನ ನೋವನ್ನು ಔಷಧಕ್ಕಿಂತ ಭಿನ್ನವಾಗಿ ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ಶಮನಗೊಳಿಸುವ ವಿದ್ಯೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದ್ದು, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಂದ ದೂರವೇ ಉಳಿದಿದ್ದಾರೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವು ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಖಿನ್ನತೆಯಿಂದ ನರಳುವ ಹಳ್ಳಿಯ ಹೆಣ್ಣುಮಗಳು ವೈದ್ಯರ ಮುಂದೆ ಮೊದಲು ಹೇಳುವುದು ಸುಸ್ತು, ತಲೆಭಾರ, ನಿದ್ದೆಯಿಲ್ಲದ ರಾತ್ರಿಗಳ ವಿಷಯವೇ ಆಗಿರಬಹುದು. ಆ ಮಾತಿನ ಹಿಂದಿರುವ ದುಃಖವನ್ನು ಹಿಡಿಯಬಲ್ಲ ಸಮಾಲೋಚಕನಿಗೆ ಪಠ್ಯಪುಸ್ತಕದ ಲಕ್ಷಣಗಳ ಪಟ್ಟಿಯ ಜೊತೆಗೆ ಜನರ ಆಡುಮಾತಿನ ಪರಿಚಯವೂ ಬೇಕು, ಆ ಪರಿಚಯ ವಿಭಾಗದ ತರಗತಿಯಲ್ಲೇ ಆಗಬೇಕು.

ಇಲ್ಲಿಂದ ಬೋಧನೆಯ ಪ್ರಶ್ನೆ ಏಳುತ್ತದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣಕ್ಕೆ ಬರುವ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ನರಮನೋವಿಜ್ಞಾನಗಳು ಒಮ್ಮೆಗೇ ಇಂಗ್ಲಿಷಿನಲ್ಲಿ ಎದುರಾದಾಗ, ಅವನು ವಿಷಯವನ್ನೂ ಭಾಷೆಯನ್ನೂ ಏಕಕಾಲದಲ್ಲಿ ಕಲಿಯಬೇಕಾಗುತ್ತದೆ. ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ ಇಂಗ್ಲಿಷಿನಲ್ಲಿ ಕಲಿತದ್ದನ್ನು ರೋಗಿಗೆ, ಪೋಷಕರಿಗೆ, ಶಾಲಾ ಶಿಕ್ಷಕರಿಗೆ ಕನ್ನಡದಲ್ಲಿ ಹೇಳುವ ಹೊಣೆಯೂ ಅವನ ಮೇಲೆಯೇ ಬೀಳುತ್ತದೆ. ಕನ್ನಡದಲ್ಲಿ ಮನೋವಿಜ್ಞಾನ ಬರೆಯಲಾಗದು ಎಂಬ ಮಾತಿಗೆ ಆಧಾರವಿಲ್ಲ. ವೈದ್ಯರೂ ಸಾಹಿತಿಯೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ಮನೋವಿಜ್ಞಾನದ ಪ್ರಾಧ್ಯಾಪಕ ಸಾ.ಕೃ. ರಾಮಚಂದ್ರರಾಯರು ಭಾರತೀಯ ಚಿಂತನೆಯೊಂದಿಗೆ ಮನಶ್ಶಾಸ್ತ್ರವನ್ನು ಬೆಸೆದು ಬರೆದರು, ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ತಿಳಿವಳಿಕೆಯನ್ನು ಸಾಮಾನ್ಯ ಓದುಗರ ಮನೆಗೆ ಮುಟ್ಟಿಸಿದರು. ಕುವೆಂಪು ಅವರು ಕುಲಪತಿಗಳಾಗಿ 1956ರಿಂದ 1960ರವರೆಗೆ ಕುಳಿತ ಪೀಠದಲ್ಲೇ ತಾವೂ ಕುಳಿತಿರುವುದರಿಂದ, ಉನ್ನತ ಶಿಕ್ಷಣದಲ್ಲಿ ಕನ್ನಡದ ಸ್ಥಾನದ ಬಗ್ಗೆ ಇನ್ನೂ ಹೆಚ್ಚು ಹೇಳುವ ಅಗತ್ಯವಿಲ್ಲ.

ಕನ್ನಡದ ಸಂಶೋಧನೆಗೆ ಒತ್ತು ಕೊಟ್ಟರೆ ಅಂತರರಾಷ್ಟ್ರೀಯ ಮನ್ನಣೆ ಕುಗ್ಗುತ್ತದೆ ಎಂಬ ಆಕ್ಷೇಪ ಬರಬಹುದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಂಗ್ಲಿಷ್ ಓದುವ ಮಕ್ಕಳಿಂದ ಪಡೆದ ಓದಿನ ಸಿದ್ಧಾಂತ ಎಲ್ಲ ಲಿಪಿಗಳಿಗೂ ಸಲ್ಲುತ್ತದೆಯೇ ಎಂಬುದು ಜಗತ್ತಿನ ಹಲವು ವಿದ್ವಾಂಸರು ಕೇಳುತ್ತಿರುವ ಪ್ರಶ್ನೆ. ಅದಕ್ಕೆ ಉತ್ತರದ ಒಂದು ಭಾಗ ಕನ್ನಡದ ಮಕ್ಕಳ ಬಳಿ ಇದೆ, ಆ ಉತ್ತರವನ್ನು ಕಂಡುಕೊಂಡವರ ಲೇಖನವನ್ನು ಯಾವ ದೇಶದ ನಿಯತಕಾಲಿಕವೂ ಸ್ವಾಗತಿಸುತ್ತದೆ. ಅಧ್ಯಾಪಕರ ಬಡ್ತಿಗೆ ಅಂಕ ದೊರೆಯುವುದಿಲ್ಲ ಎಂಬ ಚಿಂತೆಗೂ ಪರಿಹಾರವಿದೆ: ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಪುಸ್ತಕ ರಚನೆಗೂ ಭಾರತೀಯ ಭಾಷೆಗಳ ಅನುವಾದಕ್ಕೂ ಸಂಶೋಧನಾ ಅಂಕಗಳನ್ನು ನಿಗದಿಪಡಿಸಿದೆ.

ಆದ್ದರಿಂದ ತಮ್ಮಲ್ಲಿ ನಾಲ್ಕು ಕ್ರಮಗಳಿಗಾಗಿ ವಿನಂತಿ. ವಿಭಾಗದ ಪ್ರತಿಯೊಬ್ಬ ಪ್ರಾಧ್ಯಾಪಕರ ಸಂಶೋಧನೆ ಮತ್ತು ಬೋಧನೆಯ ಆಸಕ್ತಿಗಳನ್ನು, ಅವುಗಳಿಂದ ಸಮಾಜಕ್ಕೆ ದೊರೆಯಬಹುದಾದ ಪ್ರಯೋಜನದ ವಿವರಣೆಯೊಂದಿಗೆ, ಸರಳ ಕನ್ನಡದಲ್ಲಿ ಪುಸ್ತಿಕೆಯಾಗಿ ಪ್ರಕಟಿಸಿ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳಿಗೆ ತಲುಪಿಸುವುದು ಮೊದಲನೆಯದು. ಕನ್ನಡದಲ್ಲಿ ಪ್ರಮಾಣೀಕರಿಸಿದ ಪರೀಕ್ಷೆ ಮತ್ತು ಪ್ರಶ್ನಾವಳಿಗಳ ಸಂಗ್ರಹವೊಂದನ್ನು ವಿಭಾಗದಲ್ಲಿ ಸ್ಥಾಪಿಸಿ, ನಿಗದಿತ ಅವಧಿಗೊಮ್ಮೆ ಅವನ್ನು ಪರಿಷ್ಕರಿಸಲು ಶಾಶ್ವತ ಅನುದಾನ ಮೀಸಲಿಡುವುದು ಎರಡನೆಯದು. ಕನ್ನಡದ ವಿಷಯವನ್ನು ಎತ್ತಿಕೊಂಡ ಪ್ರತಿಯೊಂದು ಪಿಎಚ್.ಡಿ. ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿಯೂ ಸಲ್ಲಿಸುವಂತೆ ನಿಯಮ ರೂಪಿಸಿ, ಉತ್ತಮವಾದವನ್ನು ವಿಶ್ವವಿದ್ಯಾನಿಲಯದ ಪ್ರಸಾರಾಂಗದ ಮೂಲಕ ಪ್ರಕಟಿಸುವುದು ಮೂರನೆಯದು. ಸ್ನಾತಕೋತ್ತರ ಪಠ್ಯಕ್ರಮದಲ್ಲಿ ಕನ್ನಡದಲ್ಲಿ ಆಪ್ತಸಮಾಲೋಚನೆ ನಡೆಸುವ ಪ್ರಾಯೋಗಿಕ ಪತ್ರಿಕೆಯೊಂದನ್ನು ಸೇರಿಸಿ, ಇಂಗ್ಲಿಷಿನಲ್ಲಿ ಕಲಿತದ್ದನ್ನು ಜನರ ಭಾಷೆಗೆ ತಿರುಗಿಸುವ ತರಬೇತಿಯನ್ನು ತರಗತಿಯಲ್ಲೇ ಕೊಡುವುದು ನಾಲ್ಕನೆಯದು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ; ವಿದ್ಯಾವಿಷಯಕ ಪರಿಷತ್ತಿನ ನಿರ್ಣಯ ಮತ್ತು ತಮ್ಮ ಇಚ್ಛಾಶಕ್ತಿ ಸಾಕು. ಮೊದಲ ಶತಮಾನದಲ್ಲಿ ಈ ವಿಭಾಗದ ಪ್ರಾಧ್ಯಾಪಕರು ಪ್ರಯೋಗಾಲಯವನ್ನೂ ಮಾಪಕವನ್ನೂ ಕಟ್ಟಿಕೊಟ್ಟರು. ಎರಡನೆಯ ಶತಮಾನದಲ್ಲಿ ವಿಭಾಗವು ಕನ್ನಡದ ಮಗುವಿಗೆ, ಕನ್ನಡದ ರೋಗಿಗೆ, ಕನ್ನಡದ ಶಿಕ್ಷಕರಿಗೆ ಅವರದೇ ಭಾಷೆಯಲ್ಲಿ ನೆರವಾಗುವಂತೆ ಮಾಡಬೇಕೆಂದು ಮಾನ್ಯ ಕುಲಪತಿಗಳಲ್ಲಿ ಕನ್ನಡ ಓದುಗರ ಪರವಾಗಿ ಕಳಕಳಿಯ ಮನವಿ.